ಪಿಯೇತ್ರಾ, ಪಿಯೇದ್ರಾ, ಪಿಯೇರ್: ಒಂದೇ ಕಲ್ಲಿಗೆ ಇಷ್ಟು ರೂಪ ಹೇಗೆ ಬಂತು?

ತುಂಬೆಹೂ ಕೇಳಿದ್ದು:

ನಾನು ಸ್ಪ್ಯಾನಿಶ್ ಕಲಿಯುತ್ತಿದ್ದೇನೆ, ಜೊತೆಗೆ ಈಗ ಇಟಾಲಿಯನ್ನೂ ಸ್ವಲ್ಪ ಶುರು ಮಾಡಿದ್ದೇನೆ. ಕಲ್ಲಿಗೆ ಸ್ಪ್ಯಾನಿಶ್‌ನಲ್ಲಿ ಪಿಯೇದ್ರಾ, ಇಟಾಲಿಯನ್‌ನಲ್ಲಿ ಪಿಯೇತ್ರಾ. ಕುತೂಹಲಕ್ಕೆ ಬೇರೆ ಭಾಷೆಗಳಲ್ಲೂ ನೋಡಿದೆ. ಪೋರ್ಚುಗೀಸ್ ಮತ್ತು ಸ್ಪೇನ್‌ನ ಈಶಾನ್ಯ ಭಾಗದ ಕತಲಾನ್‌ನಲ್ಲಿ ಪೆದ್ರಾ, ಫ್ರೆಂಚ್‌ನಲ್ಲಿ ಪಿಯೇರ್, ರೊಮೇನಿಯನ್‌ನಲ್ಲಿ ಪಿಯಾತ್ರ. ಎಲ್ಲ ಒಂದೇ ಬೇರಿನದು ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಮೂರು ವಿಷಯ ತಲೆಗೆ ಹತ್ತುತ್ತಿಲ್ಲ.

ಮೊದಲನೆಯದು, ಲ್ಯಾಟಿನ್‌ನಲ್ಲಿ ಕಲ್ಲಿಗೆ ಲಾಪಿಸ್ ಅನ್ನುತ್ತಿದ್ದರು ಅಂತ ಓದಿದ್ದೆ. ಹಾಗಾದರೆ ಮಗಳು ಭಾಷೆಗಳಲ್ಲಿ ಅದು ಎಲ್ಲಿ ಹೋಯಿತು? ಎರಡನೆಯದು, ಸ್ಪ್ಯಾನಿಶ್‌ನಲ್ಲಿ ಇರುವ 'ಪಿಯೇ' ಪಕ್ಕದ ಪೋರ್ಚುಗೀಸ್‌ನಲ್ಲಿ ಬರೀ 'ಪೆ' ಯಾಕಾಯಿತು, ಫ್ರೆಂಚ್‌ನಲ್ಲಿ ತಕಾರವೇ ಇಲ್ಲ ಯಾಕೆ? ಮೂರನೆಯದು, ಹಿಂದಿಯ ಪತ್ಥರ್‌ಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಪತ್ಥರ್, ಪೆತ್ರ... ಕೇಳಿದರೆ ಅಣ್ಣತಮ್ಮಂದಿರ ಹಾಗೆ ಇವೆ ಅಲ್ವಾ? ತಿಳಿದವರು ಹೇಳಿ.

ನುಡಿಗಂಟು ಬರೆದದ್ದು:

ಒಳ್ಳೆ ಪ್ರಶ್ನೆ. ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ, ಸ್ವರ ಬದಲಾದ ಕಥೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ನೀವು ಪಟ್ಟಿ ಮಾಡಿದ ಎಲ್ಲ ರೂಪಗಳ ತಾಯಿ ಲ್ಯಾಟಿನ್‌ನ ಪೆತ್ರ. ಆದರೆ ಅದು ಲ್ಯಾಟಿನ್‌ನ ಸ್ವಂತ ಪದ ಅಲ್ಲ. ಗ್ರೀಕ್‌ನಿಂದ ಬಂದದ್ದು. ಗ್ರೀಕ್‌ನಲ್ಲಿ ಪೆತ್ರಾ ಅಂದರೆ ಬಂಡೆ, ಕಡಿದಾದ ಕಲ್ಲುಗುಡ್ಡ. ಕೈಯಲ್ಲಿ ಹಿಡಿಯುವಂಥ ಕಲ್ಲಿಗೆ ಹೆಚ್ಚಾಗಿ ಪೆತ್ರೋಸ್. ಜೋರ್ಡಾನ್‌ನಲ್ಲಿ ಬಂಡೆ ಕೊರೆದು ಕಟ್ಟಿದ ಪೆಟ್ರಾ ಅನ್ನುವ ಊರಿನ ಹೆಸರೂ ಇದೇ. ಗ್ರೀಕ್‌ಗಿಂತ ಹಿಂದೆ ಆ ಪದ ಎಲ್ಲಿಂದ ಬಂತು ಅನ್ನೋದು ವಿದ್ವಾಂಸರಲ್ಲಿ ಇನ್ನೂ ತೀರ್ಮಾನ ಆಗದ ವಿಷಯ.

ಲ್ಯಾಟಿನ್‌ಗೆ ತನ್ನದೇ ಪದಗಳಿಗೇನೂ ಬರ ಇರಲಿಲ್ಲ. ಸಾಮಾನ್ಯ ಕಲ್ಲಿಗೆ ಲಾಪಿಸ್, ದೊಡ್ಡ ಒರಟು ಕಲ್ಲಿಗೆ ಸಾಕ್ಸುಂ, ಚಕಮಕಿ ಕಲ್ಲಿಗೆ ಸಿಲೆಕ್ಸ್, ಹರಳಿನಂಥ ಸಣ್ಣ ಕಲ್ಲಿಗೆ ಕಾಲ್ಕುಲುಸ್. ಇಷ್ಟೆಲ್ಲ ಇದ್ದೂ ಜನರ ಬಾಯಲ್ಲಿ ಗೆದ್ದದ್ದು ಹೊರಗಿನಿಂದ ಬಂದ ಪೆತ್ರ. ಇದಕ್ಕೆ ಒಂದು ಕಾರಣ ವ್ಯಾಕರಣ ಅಂತ ನನಗೆ ಅನ್ನಿಸುತ್ತದೆ. ಲಾಪಿಸ್ ಪದ ವಿಭಕ್ತಿ ಹತ್ತಿದ ಕೂಡಲೇ ಲಾಪಿದೆಮ್, ಲಾಪಿದಿಸ್ ಅಂತ ರೂಪ ಬದಲಿಸುತ್ತದೆ. ಪೆತ್ರಕ್ಕೆ ಆ ಕಾಟ ಇಲ್ಲ, ಅಕಾರದಲ್ಲಿ ಮುಗಿಯುವ ನೇರ ಸ್ತ್ರೀಲಿಂಗ ಪದ. ಮಾತಿನಲ್ಲಿ ಇಂಥವೇ ಉಳಿಯೋದು ಜಾಸ್ತಿ. ಇನ್ನೊಂದು ಕಾರಣ ಕ್ರೈಸ್ತ ಧರ್ಮ. ಆ ಧರ್ಮದ ಲ್ಯಾಟಿನ್‌ನಲ್ಲಿ ಪೆತ್ರಕ್ಕೆ ದೊಡ್ಡ ಜಾಗ ಇತ್ತು.

ಇನ್ನು ಲಾಪಿಸ್ ಸತ್ತುಹೋಯಿತಾ? ಇಲ್ಲ, ಸಣ್ಣ ಕೆಲಸಗಳಿಗೆ ಸರಿಯಿತು. ಇಟಾಲಿಯನ್ ಲಾಪಿದೆ, ಸ್ಪ್ಯಾನಿಶ್ ಲಾಪಿದಾ ಅಂದರೆ ಗೋರಿಯ ಮೇಲಿನ ಬರಹದ ಕಲ್ಲು. ಫ್ರೆಂಚ್ ಲಾಪಿದೇ ಅಂದರೆ ಕಲ್ಲು ಹೊಡೆದು ಕೊಲ್ಲೋದು. ಸ್ಪ್ಯಾನಿಶ್‌ನ ದಿಲಾಪಿದಾರ್, ಇಟಾಲಿಯನ್‌ನ ದಿಲಾಪಿದಾರೆ ಅಂದರೆ ದುಡ್ಡನ್ನು ದುಂದು ಮಾಡೋದು. ಆ ಪದ ಬಂದ ಲ್ಯಾಟಿನ್ ಕ್ರಿಯಾಪದದ ಒಳಗೂ ಇದೇ ಲಾಪಿಸ್ ಕೂತಿದೆ.

ನೀವು ಕಲಿಯುತ್ತಿರುವ ಎರಡೂ ಭಾಷೆ ಸೇರುವ ಒಂದು ಜಾಗ ಹೇಳಲೇಬೇಕು. ಸ್ಪ್ಯಾನಿಶ್‌ನಲ್ಲಿ ಪೆನ್ಸಿಲ್‌ಗೆ ಲಾಪಿಸ್ ಅನ್ನುತ್ತಾರೆ, ಇಟಾಲಿಯನ್‌ನಲ್ಲಿ ಮಾತೀತಾ. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಹಿಂದೆ ಕೆಂಪಗೆ ಗೆರೆ ಎಳೆಯಲು ಬಳಸುತ್ತಿದ್ದ ಕಬ್ಬಿಣದ ಅದಿರಿನ ಕಲ್ಲಿಗೆ ಲ್ಯಾಟಿನ್‌ನಲ್ಲಿ ಲಾಪಿಸ್ ಹೇಮತಿತೇಸ್ ಅಂತ ಹೆಸರು, ರಕ್ತದ ಬಣ್ಣದ ಕಲ್ಲು ಅಂತ ಅರ್ಥ. ಆ ಜೋಡಿಯಲ್ಲಿ ಮೊದಲ ಅರ್ಧ ಸ್ಪ್ಯಾನಿಶ್‌ಗೆ ಪೆನ್ಸಿಲ್ ಆಯಿತು, ಎರಡನೇ ಅರ್ಧ ಸವೆದು ಇಟಾಲಿಯನ್‌ನ ಮಾತೀತಾ ಆಯಿತು. ಇಟಲಿಯಲ್ಲೂ ಕೆಲವು ಕಡೆ, ಮುಖ್ಯವಾಗಿ ಟಸ್ಕನಿಯಲ್ಲಿ, ಲಾಪಿಸ್ ಅನ್ನುವವರಿದ್ದಾರೆ.

ಸಾಕ್ಸುಂ ಇಟಾಲಿಯನ್‌ನಲ್ಲಿ ಸಾಸ್ಸೊ ಆಗಿ ಗಟ್ಟಿಯಾಗಿ ನಿಂತಿದೆ. ಅಬ್ರುಜ್ಜೊದಲ್ಲಿ 2,912 ಮೀಟರ್ ಎತ್ತರದ ಶಿಖರ ಇರುವ ಬೆಟ್ಟಸಾಲಿನ ಹೆಸರು ಗ್ರಾನ್ ಸಾಸ್ಸೊ, ದೊಡ್ಡ ಕಲ್ಲು ಅಂತ. ಬಂಡೆ ಕೊರೆದು ಮಾಡಿದ ಮನೆಗಳಿಗೆ ಹೆಸರಾದ ಮಾತೇರಾದ 'ಸಾಸ್ಸಿ' ಕೂಡ ಇದೇ ಪದದ ಬಹುವಚನ, 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಅದು. ಪೋರ್ಚುಗೀಸ್‌ನಲ್ಲಿ ಅದೇ ಸಾಕ್ಸುಂ 'ಸೇಯ್ಶು' ಆಗಿದೆ, ಆದರೆ ಅರ್ಥ ಕುಗ್ಗಿ ನುಣುಪಾದ ಸಣ್ಣ ಕಲ್ಲಾಗಿದೆ.

ಬಿಳಿಮೋಡ ಬರೆದದ್ದು:

ಕ್ರೈಸ್ತ ಧರ್ಮದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮತ್ತಾಯನ ಸುವಾರ್ತೆ 16:18ರಲ್ಲಿ ಯೇಸು ತನ್ನ ಶಿಷ್ಯನಿಗೆ, ನೀನು ಪೇತ್ರ, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ ಅನ್ನುತ್ತಾನೆ. ಮೂಲ ಹೆಸರು ಅರಮೇಯಿಕ್‌ನ ಕೇಫಾ, ಬಂಡೆ ಅಂತಲೇ ಅರ್ಥ. ಗ್ರೀಕ್‌ಗೆ ತರುವಾಗ ಗಂಡಸಿನ ಹೆಸರಾದ್ದರಿಂದ ಪೆತ್ರೋಸ್ ಅಂತ ಪುಲ್ಲಿಂಗ ಮಾಡಿದರು, ಬಂಡೆಗೆ ಪೆತ್ರಾ ಅಂತಲೇ ಉಳಿಸಿದರು. ಲ್ಯಾಟಿನ್‌ನಲ್ಲೂ ಹಾಗೇ, ಪೆತ್ರುಸ್ ಮತ್ತು ಪೆತ್ರ.

ಲ್ಯಾಟಿನ್‌ನಿಂದ ಹುಟ್ಟಿದ ಈ ರೊಮಾನ್ಸ್ ಭಾಷೆಗಳಲ್ಲಿ ಈ ಜೋಡಿ ಹಾಗೇ ಇಳಿದು ಬಂದಿದೆ. ಇಟಾಲಿಯನ್ ಪಿಯೇತ್ರೊ, ಪಿಯೇತ್ರಾ. ಸ್ಪ್ಯಾನಿಶ್ ಪೇದ್ರೊ, ಪಿಯೇದ್ರಾ. ರೊಮೇನಿಯನ್ ಪೇತ್ರು, ಪಿಯಾತ್ರ. ಫ್ರೆಂಚ್‌ನಲ್ಲಂತೂ ಕೊನೆಯ ಸ್ವರಗಳು ಉದುರಿ ಎರಡೂ ಒಂದೇ ಆಗಿಬಿಟ್ಟಿವೆ, ಮನುಷ್ಯನೂ ಪಿಯೇರ್, ಕಲ್ಲೂ ಪಿಯೇರ್. ಆ ವಾಕ್ಯ ಫ್ರೆಂಚ್‌ನಲ್ಲಿ ಓದಿದಾಗ ಸಿಗುವ ಬಿಗಿ ನನಗೆ ಬೇರೆ ಯಾವ ಅನುವಾದದಲ್ಲೂ ಸಿಕ್ಕಿಲ್ಲ.

ರೋಮ್‌ನ ಬೀದಿಗಳಿಗೆ ಹಾಸಿರುವ ಕಪ್ಪು ಚೌಕ ಕಲ್ಲುಗಳನ್ನು ಸಾಂಪಿಯೆತ್ರಿನಿ ಅನ್ನುತ್ತಾರೆ, ಸಂತ ಪೇತ್ರನ ಚರ್ಚಿನ ಮುಂದಿನ ಚೌಕದ ಹೆಸರಿನಿಂದ ಬಂದದ್ದು. ಕಲ್ಲಿನಿಂದ ಮನುಷ್ಯನ ಹೆಸರು, ಆ ಹೆಸರಿನಿಂದ ಮತ್ತೆ ಕಲ್ಲಿಗೇ ಹೆಸರು.

ಅಕ್ಷರಅಲೆಮಾರಿ ಬರೆದದ್ದು:

ಎರಡನೇ ಪ್ರಶ್ನೆ ನನಗೆ ಬಿಡಿ, ಇದು ನನ್ನ ಇಷ್ಟದ ವಿಷಯ.

ಲ್ಯಾಟಿನ್‌ನಲ್ಲಿ ಒತ್ತು ಬೀಳುವ ಹ್ರಸ್ವ 'ಎ' ಇದ್ದರೆ ಸ್ಪ್ಯಾನಿಶ್‌ನಲ್ಲಿ ಅದು ಒಡೆದು 'ಇಯೆ' ಆಗುತ್ತದೆ. ಇಟಾಲಿಯನ್ ಮತ್ತು ಫ್ರೆಂಚ್‌ನಲ್ಲೂ ಆಗುತ್ತದೆ, ಆದರೆ ಆ ಅಕ್ಷರ ಮುಂದಿನ ವ್ಯಂಜನಕ್ಕೆ ಕಟ್ಟಿಹಾಕಿಕೊಂಡಿರಬಾರದು, ಪೆ-ತ್ರದ 'ಪೆ' ಹಾಗೆ ಸ್ವರದಲ್ಲೇ ಮುಗಿಯಬೇಕು. ಪೋರ್ಚುಗೀಸ್ ಮತ್ತು ಕತಲಾನ್ ಇದನ್ನು ಒಡೆಯದೆ ಹಾಗೇ ಇಟ್ಟುಕೊಂಡವು. ಕಲ್ಲಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಜೇನನ್ನೇ ತೆಗೆದುಕೊಳ್ಳಿ, ಲ್ಯಾಟಿನ್ ಮೆಲ್ ಇಟಾಲಿಯನ್‌ನಲ್ಲಿ ಮಿಯೇಲೆ, ಸ್ಪ್ಯಾನಿಶ್ ಮತ್ತು ಫ್ರೆಂಚ್‌ನಲ್ಲಿ ಮಿಯೇಲ್, ಪೋರ್ಚುಗೀಸ್‌ನಲ್ಲಿ ಮಾತ್ರ ಮೆಲ್. ಕಾಲಿಗೆ ಪಿಯೇದೆ, ಪಿಯೇ, ಪಿಯೇ, ಪೋರ್ಚುಗೀಸ್‌ನಲ್ಲಿ ಮಾತ್ರ ಪೆ. ಹತ್ತಕ್ಕೆ ಸ್ಪ್ಯಾನಿಶ್ ದಿಯೇಸ್, ಪೋರ್ಚುಗೀಸ್ ದೆಸ್. ಒಂದು ಸಲ ಇದು ಕಣ್ಣಿಗೆ ಬಿದ್ದರೆ ಎಲ್ಲ ಕಡೆ ಕಾಣಲು ಶುರುವಾಗುತ್ತದೆ.

ರೊಮೇನಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲೂ ಮೊದಲು 'ಪಿಯೆತ್ರ' ಆಯಿತು. ಆಮೇಲೆ ಪದದ ಕೊನೆಯಲ್ಲಿ 'ಅ' ತರಹದ ಸ್ವರ ಇದ್ದರೆ ಹಿಂದಿನ 'ಎ' ಕೂಡ ಆಕಾರದ ಕಡೆ ವಾಲಿತು. ಇದಕ್ಕೆ ಸಾಕ್ಷಿ ಬೇಕಾದರೆ ಬಹುವಚನ ನೋಡಿ. ಒಂದು ಕಲ್ಲು ಪಿಯಾತ್ರ, ಹಲವು ಕಲ್ಲು ಪಿಯೇತ್ರೆ. ಬಹುವಚನದ ಕೊನೆಯಲ್ಲಿ 'ಎ' ಬಂದಿತಲ್ಲ, ಅದಕ್ಕೇ ಹಳೆಯ ರೂಪ ಅಲ್ಲಿ ಹಾಗೇ ಉಳಿದಿದೆ. ಹೆಣ್ಣು ಕುದುರೆಗೂ ಇದೇ ಆಟ, ಏಕವಚನದಲ್ಲಿ ಯಾಪ, ಬಹುವಚನದಲ್ಲಿ ಯೇಪೆ.

ಈಗ ತಕಾರ. ಎರಡು ಸ್ವರಗಳ ನಡುವೆ ಸಿಕ್ಕ 'ತ್ರ' ಪಶ್ಚಿಮದ ಭಾಷೆಗಳಲ್ಲಿ ಮೆತ್ತಗಾಗಿ 'ದ್ರ' ಆಯಿತು. ರೊಮೇನಿಯನ್ ಆ ದಾರಿಗೆ ಹೋಗಲೇ ಇಲ್ಲ, ತಕಾರ ಗಟ್ಟಿಯಾಗಿಯೇ ಇದೆ. ಫ್ರೆಂಚ್ ಮಾತ್ರ 'ದ್ರ'ದ ಹತ್ತಿರ ನಿಲ್ಲದೆ ಇನ್ನೂ ಸವೆಸಿತು, ದಕಾರವೂ ಕರಗಿ ರಕಾರ ಮಾತ್ರ ಉಳಿಯಿತು. ಗಾಜಿಗೆ ಲ್ಯಾಟಿನ್ ವಿತ್ರುಂ, ಪೋರ್ಚುಗೀಸ್ ವಿದ್ರು, ಫ್ರೆಂಚ್ ವೇರ್. ಅಪ್ಪನಿಗೆ ಸ್ಪ್ಯಾನಿಶ್ ಪಾದ್ರೆ, ಫ್ರೆಂಚ್ ಪೇರ್.

ಫ್ರೆಂಚ್‌ನಲ್ಲಿ ನಡುವೆ ದಕಾರ ಇತ್ತು ಅನ್ನೋದು ಸುಮ್ನೆ ಊಹೆ ಅಲ್ಲ. 842ರಲ್ಲಿ ಫ್ರಾಂಕ್ ರಾಜರಾದ ಚಾರ್ಲ್ಸ್ ಮತ್ತು ಲೂಯಿ ಅನ್ನುವ ಅಣ್ಣತಮ್ಮಂದಿರು ಮೂರನೆಯವನಾದ ಲೊಥಾರ್‌ನ ವಿರುದ್ಧ ಒಂದಾಗಿ ಸ್ಟ್ರಾಸ್‌ಬರ್ಗ್‌ನಲ್ಲಿ ಆಣೆ ಮಾಡಿದರು. ಫ್ರೆಂಚ್‌ನ ಅತಿ ಹಳೆಯ ಬರಹ ಅಂತ ಅದನ್ನೇ ಎಣಿಸೋದು. ಅದರಲ್ಲಿ 'ನನ್ನ ಈ ಸಹೋದರ ಚಾರ್ಲ್ಸ್' ಅನ್ನುವ ಕಡೆ 'ಫ್ರಾದ್ರೆ' ಅಂತ ಬರೆದಿದೆ. ಲ್ಯಾಟಿನ್‌ನಲ್ಲಿ ಫ್ರಾತ್ರೆಮ್, ಇವತ್ತಿನ ಫ್ರೆಂಚ್‌ನಲ್ಲಿ ಫ್ರೇರ್. ತಕಾರ ಹೋಗಿ ದಕಾರ ಬಂದಿದೆ, ದಕಾರ ಇನ್ನೂ ಹೋಗಿಲ್ಲ, ಆ ಹೊತ್ತಿನಲ್ಲಿ ಯಾರೋ ಬರೆದಿಟ್ಟರು. ಕಲ್ಲು ನಡೆದದ್ದೂ ಇದೇ ದಾರಿಯಲ್ಲಿ.

ತುಂಬೆಹೂ ಬರೆದದ್ದು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪೆನ್ಸಿಲ್ ವಿಷಯ ಓದಿ ಖುಷಿಯಾಯಿತು, ಇನ್ನು ಆ ಎರಡು ಪದ ಮರೆಯೋದಿಲ್ಲ. ಆದರೆ ಒಂದು ಅನುಮಾನ. ಇಟಾಲಿಯನ್‌ನಲ್ಲಿ ಅಪ್ಪ, ಅಮ್ಮನಿಗೆ ಪಾದ್ರೆ, ಮಾದ್ರೆ ಅಂತ ದಕಾರ ಇದೆ. ಕಲ್ಲಿಗೆ ಮಾತ್ರ ಪಿಯೇತ್ರಾ ಅಂತ ತಕಾರ ಯಾಕೆ? ನಿಯಮ ಇದ್ದರೆ ಎಲ್ಲದಕ್ಕೂ ಇರಬೇಕಲ್ವಾ? ಮತ್ತೆ ನನ್ನ ಪತ್ಥರ್ ಪ್ರಶ್ನೆ ಹಾಗೇ ಉಳಿಯಿತು.

ಅಕ್ಷರಅಲೆಮಾರಿ ಬರೆದದ್ದು:

ಸರಿಯಾದ ಕಡೆಯೇ ಹಿಡಿದಿದ್ದೀರಿ. ಇವತ್ತಿನ ಇಟಾಲಿಯನ್‌ಗೆ ಬುನಾದಿ ಟಸ್ಕನಿಯ ಮಾತು. ಹೀಗೆ ಮೆತ್ತಗಾಗುವ ಚಾಳಿ ಇಟಲಿಯ ಉತ್ತರದಲ್ಲಿ ಪೂರ್ತಿ ಇದೆ, ದಕ್ಷಿಣದಲ್ಲಿ ಇಲ್ಲ, ನಡುವೆ ಇರುವ ಟಸ್ಕನಿಯಲ್ಲಿ ಅರ್ಧಂಬರ್ಧ. ಅದಕ್ಕೇ ಪಾದ್ರೆ ದಕಾರ ಹಿಡಿಯಿತು, ಪಿಯೇತ್ರಾ ಮತ್ತು ಗಾಜಿನ ವೇತ್ರೊ ತಕಾರ ಬಿಡಲಿಲ್ಲ. ಯಾಕೆ ಈ ಪದಕ್ಕೆ ಹೀಗೆ, ಆ ಪದಕ್ಕೆ ಹಾಗೆ ಅನ್ನೋದರ ಬಗ್ಗೆ ವಾದ ಇನ್ನೂ ನಡೆಯುತ್ತಲೇ ಇದೆ.

ಸುತ್ತಲಿನ ಆಡುಮಾತು ನೋಡಿದರೆ ಚಿತ್ರ ಸ್ಪಷ್ಟ. ಉತ್ತರದ ವೆನಿಸ್ ಕಡೆ ಪಿಯೆರಾ, ದಕಾರವೂ ಇಲ್ಲ. ದಕ್ಷಿಣದ ಸಿಸಿಲಿಯಲ್ಲಿ ಪೆತ್ರಾ, ಲ್ಯಾಟಿನ್‌ನಲ್ಲಿ ಇದ್ದ ಹಾಗೇ. ನೇಪಲ್ಸ್‌ನಲ್ಲಿ ರಕಾರ ಮುಂದಕ್ಕೆ ಜಿಗಿದು ಪ್ರೆತಾ ಆಗಿದೆ. ಸಾರ್ಡಿನಿಯಾದ ದಕ್ಷಿಣ ಭಾಗದಲ್ಲಿ ರಕಾರ ದಕಾರ ಜಾಗ ಅದಲುಬದಲು ಮಾಡಿಕೊಂಡು ಪೆರ್ದಾ ಆಗಿದೆ.

ಹಳೆಗನ್ನಡಿ ಬರೆದದ್ದು:

ಪತ್ಥರ್ ಪ್ರಶ್ನೆಗೆ: ಸಂಬಂಧ ಇಲ್ಲ.

ಎರಡು ಪದ ಇವತ್ತು ಹೇಗೆ ಕೇಳುತ್ತವೆ ಅನ್ನೋದನ್ನು ನೋಡಬಾರದು, ಹಿಂದಕ್ಕೆ ಹೋದ ಹಾಗೆ ಹತ್ತಿರ ಬರುತ್ತವಾ ದೂರ ಹೋಗುತ್ತವಾ ಅನ್ನೋದನ್ನು ನೋಡಬೇಕು. ಪತ್ಥರ್ ಪ್ರಾಕೃತದಲ್ಲಿ ಪತ್ಥರ, ಸಂಸ್ಕೃತದಲ್ಲಿ ಪ್ರಸ್ತರ. 'ಸ್ತ' ಹೋಗಿ 'ತ್ಥ' ಆಗೋದು ಅಲ್ಲಿನ ಮಾಮೂಲಿ ನಡೆ, ಹಸ್ತ ಹತ್ಥ ಆಗಿ ಆಮೇಲೆ ಹಿಂದಿಯ ಹಾಥ್ ಆದ ಹಾಗೆ. ಪ್ರಸ್ತರದಲ್ಲಿ 'ಪ್ರ' ಉಪಸರ್ಗ, ಅದರ ಮುಂದೆ ಹರಡು, ಹಾಸು ಅನ್ನುವ ಅರ್ಥದ ಧಾತು. ಮೊದಲ ಅರ್ಥ ಹಾಸಿದ್ದು, ಹಾಸಿಗೆ. ಹಾಸುಗಲ್ಲಿನಂಥ ಅರ್ಥ ಆಮೇಲಿನದು. ಛಂದಸ್ಸಿನಲ್ಲಿ ನಾವೆಲ್ಲ ಲಘು ಗುರು ಹಾಕಿ ಪ್ರಸ್ತಾರ ಬರೆಯುತ್ತಿದ್ದೆವಲ್ಲ, ಅದೂ ಇದೇ ಧಾತುವಿನದು, ಹರಡಿ ಇಡೋದು ಅಂತ.

ಪೆತ್ರಾ ಮಾತ್ರ ಎಷ್ಟು ಹಿಂದೆ ಹೋದರೂ ಪೆತ್ರಾ. ಅದರಲ್ಲಿ ಸಕಾರ ಇಲ್ಲ, ಉಪಸರ್ಗ ಇಲ್ಲ, ಹರಡುವ ಅರ್ಥವೂ ಇಲ್ಲ. ಹಿಂದಕ್ಕೆ ಹೋದಷ್ಟೂ ಎರಡೂ ದೂರ ದೂರ ಹೋಗುತ್ತವೆ. ಇವತ್ತಿನ ಹೋಲಿಕೆ ಬರೀ ಕಾಕತಾಳೀಯ.

ನಿಜವಾದ ನೆಂಟ ಬೇಕಾದರೆ ಪೆಟ್ರೋಲ್ ಇದೆಯಲ್ಲ. ಪೆತ್ರ ಅಂದರೆ ಕಲ್ಲು, ಓಲೆಯುಂ ಅಂದರೆ ಎಣ್ಣೆ, ಕಲ್ಲಿನಿಂದ ಒಸರುವ ಎಣ್ಣೆ ಅಂತ ಮಧ್ಯಯುಗದ ಲ್ಯಾಟಿನ್‌ನಲ್ಲಿ ಕಟ್ಟಿದ ಪದ.

ನುಡಿಗಂಟು ಬರೆದದ್ದು:

ಪೆಟ್ರೋಲ್‌ಗೆ ಒಂದು ಮಾತು ಸೇರಿಸುತ್ತೇನೆ, ಫ್ರಾನ್ಸ್‌ಗೆ ಹೋಗುವವರಿಗೆ ಕೆಲಸಕ್ಕೆ ಬರುತ್ತದೆ. ಅಲ್ಲಿ 'ಪೆತ್ರೋಲ್' ಅಂದರೆ ಭೂಮಿಯಿಂದ ತೆಗೆದ ಕಚ್ಚಾ ತೈಲ. ಗಾಡಿಗೆ ಹಾಕಿಸಬೇಕಾದರೆ 'ಎಸಾಂಸ್' ಅಂತ ಕೇಳಬೇಕು.

ಕಾಲ್ಕುಲುಸ್ ಬಗ್ಗೆಯೂ ಅರ್ಧಕ್ಕೆ ನಿಲ್ಲಿಸಿದ್ದೆ. ರೋಮನ್ನರು ಎಣಿಕೆ ಮಣೆಯ ಮೇಲೆ ಹರಳುಕಲ್ಲು ಸರಿಸಿ ಲೆಕ್ಕ ಮಾಡುತ್ತಿದ್ದರು, ಹಾಗಾಗಿ ಹರಳಿನ ಹೆಸರೇ ಲೆಕ್ಕಕ್ಕೆ ಬಂತು. ನಾವು ಗಣಿತದಲ್ಲಿ ಕ್ಯಾಲ್ಕುಲಸ್ ಅನ್ನೋದು ಅದನ್ನೇ. ಇಟಾಲಿಯನ್ ಕಾಲ್ಕೊಲೊ, ಸ್ಪ್ಯಾನಿಶ್ ಕಾಲ್ಕುಲೊ, ಫ್ರೆಂಚ್ ಕಾಲ್ಕ್ಯೂಲ್, ಈ ಮೂರಕ್ಕೂ ಇವತ್ತಿಗೂ ಎರಡು ಅರ್ಥ ಇದೆ, ಒಂದು ಲೆಕ್ಕಾಚಾರ, ಇನ್ನೊಂದು ಮೂತ್ರಪಿಂಡದ ಕಲ್ಲು. ಆ ಭಾಷೆಯಲ್ಲಿ ವೈದ್ಯರ ಚೀಟಿ ಓದುವಾಗ ಈ ಎರಡನೇ ಅರ್ಥ ಗೊತ್ತಿರಲೇಬೇಕು.

ತುಂಬೆಹೂ ಬರೆದದ್ದು:

ಈ ಅರ್ಥಗಳ ವಿಷಯವೇ ಕೇಳಬೇಕೆಂದಿದ್ದೆ. ಪಿಯೇದ್ರಾ, ಪಿಯಾತ್ರ ಇವಕ್ಕೂ ಕಲ್ಲು ಬಿಟ್ಟು ಬೇರೆ ಅರ್ಥ ಇದೆಯಾ? ಹಾಗೇ, ಈ ಕುಟುಂಬದ ಎಲ್ಲ ಭಾಷೆಗಳೂ ಪೆತ್ರವನ್ನೇ ಹಿಡಿದವಾ, ಇಲ್ಲ ಯಾರಾದರೂ ಬೇರೆ ದಾರಿ ಹಿಡಿದಿದ್ದಾರಾ?

ಬಿಳಿಮೋಡ ಬರೆದದ್ದು:

ಇದೆ. ಸ್ಪ್ಯಾನಿಶ್‌ನಲ್ಲಿ ದಪ್ಪ ಆಲಿಕಲ್ಲಿಗೂ ಪಿಯೇದ್ರಾ ಅನ್ನುತ್ತಾರೆ, ನಮ್ಮ ಆಲಿಕಲ್ಲಿನಲ್ಲೂ ಕಲ್ಲು ಇದೆ ನೋಡಿ. ಕಲ್ಲೇಟಿಗೆ ಪೆದ್ರಾದಾ ಅಂತ ಒಂದೇ ಪದ. ಒತ್ತು ಮುಂದಕ್ಕೆ ಸರಿದ ಕೂಡಲೇ 'ಪಿಯೇ' ಹೋಗಿ 'ಪೆ' ಆಗಿದೆ, ಅಕ್ಷರಅಲೆಮಾರಿ ಹೇಳಿದ ನಿಯಮ ಇಲ್ಲೂ ಕೆಲಸ ಮಾಡುತ್ತಿದೆ. ಚಕಮಕಿ ಕಲ್ಲಿಗೆ ಪೆದೆರ್ನಾಲ್. ಪೋರ್ಚುಗೀಸ್‌ನಲ್ಲಿ ಗಾರೆಕೆಲಸದವನು ಪೆದ್ರೇಯ್ರು, ಅದೇ ಕೆಲಸದವನಿಗೆ ಸ್ಪ್ಯಾನಿಶ್‌ನಲ್ಲಿ ಅರಬ್ಬಿಯಿಂದ ಬಂದ ಅಲ್ಬಾನ್ಯಿಲ್. ರೊಮೇನಿಯನ್‌ನಲ್ಲಿ ಮೈಲುತುತ್ತಕ್ಕೆ ಪಿಯಾತ್ರ ವಿನತ ಅನ್ನುತ್ತಾರೆ, ಕಂದುನೀಲಿ ಕಲ್ಲು ಅಂತ. ಪಟಿಕಕ್ಕೆ ಪಿಯಾತ್ರ ಆಕ್ರ, ಹುಳಿ ಕಲ್ಲು.

ಬೇರೆ ದಾರಿ ಹಿಡಿದವರು ಅಂದರೆ ಸ್ವಿಟ್ಜರ್ಲೆಂಡ್‌ನ ರೊಮಾಂಶ್ ಜನ. ಅವರಿಗೆ ಕಲ್ಲು ಅಂದರೆ ಕ್ರಾಪ್. ರೋಮನ್ನರು ಬರೋದಕ್ಕೆ ಮೊದಲೇ ಆಲ್ಪ್ಸ್ ಬೆಟ್ಟಗಳಲ್ಲಿ ಇದ್ದ ಭಾಷೆಯ ಪದ ಅದು, ಲ್ಯಾಟಿನ್ ಬಂದರೂ ಜಾಗ ಬಿಡಲಿಲ್ಲ. ಗ್ರಾವ್‌ಬ್ಯುಂಡೆನ್‌ನಲ್ಲಿ ಕ್ರಾಪ್ ಸೋನ್ಯ್ ಜಿಯಾನ್ ಅನ್ನುವ ಬೆಟ್ಟ ಇದೆ, ಸಂತ ಜಾನನ ಕಲ್ಲು. ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿಯನ್‌ನಲ್ಲಿ ಕ್ಲಾಪ್ ಇದೆ, ಜೊತೆಗೆ ಪೆತ್ರದಿಂದ ಬಂದ ಪಿಯೆರೆಯೂ ಇದೆ. ಫ್ರೆಂಚ್‌ನ ಸಣ್ಣ ಕಲ್ಲು ಕಾಯು ಕೂಡ ಲ್ಯಾಟಿನ್ ಅಲ್ಲ, ರೋಮನ್ನರಿಗೆ ಮೊದಲು ಫ್ರಾನ್ಸ್ ನೆಲದಲ್ಲಿ ಇದ್ದ ಗಾಲ್ ಜನರದ್ದು ಅಂತ ಹೇಳುತ್ತಾರೆ. ಬಂಡೆಗೆ ರೋಶ್, ರೋಕಾ, ರೋಚಾ ಅನ್ನುವ ಪದಗಳ ಮೂಲವೂ ಲ್ಯಾಟಿನ್‌ನ ಹೊರಗೇ ಇದೆ. ಬೆಟ್ಟದವರು ಕಲ್ಲಿನ ಹೆಸರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲ್ಲ ಅನ್ನಿಸುತ್ತದೆ.

ಅಕ್ಷರಅಲೆಮಾರಿ ಬರೆದದ್ದು:

ಕೊನೆಗೆ ಒಂದು. ಇಲ್ಲಿವರೆಗೆ ಹೇಳಿದ ಬದಲಾವಣೆ ಎಲ್ಲ ಒಂದೇ ಕಡೆ ನೋಡಬೇಕಾದರೆ ಭೂಪಟ ತೆಗೆಯಿರಿ.

ಲ್ಯಾಟಿನ್‌ನಲ್ಲಿ 'ಪೆತ್ರ ಫಿಕ್ತ' ಅಂದರೆ ನೆಟ್ಟ ಕಲ್ಲು. ಗಡಿಗೆ ನೆಟ್ಟದ್ದಿರಬಹುದು, ಇಲ್ಲ ರೋಮನ್ನರಿಗಿಂತ ಸಾವಿರಾರು ವರ್ಷ ಹಿಂದಿನವರು ನಿಲ್ಲಿಸಿಹೋದ ನಿಲುಗಲ್ಲಿರಬಹುದು. ಅಂಥ ಕಲ್ಲು ಇದ್ದ ಊರಿಗೆ ಅದೇ ಹೆಸರಾಯಿತು. ಊರು ಎಲ್ಲಿದೆಯೋ ಆ ನೆಲದ ಮಾತಿನ ಹಾಗೆ ಹೆಸರೂ ತಿರುಗಿತು. ಇಟಲಿಯ ಕಲಾಬ್ರಿಯಾದಲ್ಲಿ ಪಿಯೆತ್ರಾಫಿತ್ತಾ. ಫ್ರಾನ್ಸ್‌ನ ಉತ್ತರದಲ್ಲಿ ಪಿಯೆರ್‌ಫಿತ್, ದಕ್ಷಿಣದ ಆಕ್ಸಿತಾನ್ ಸೀಮೆಯಲ್ಲಿ ಪೇರೆಫಿತ್. ಕತಲೋನಿಯಾದಲ್ಲಿ ಪೆರಾಫಿತಾ, ಪೋರ್ಚುಗಲ್‌ನ ಪೋರ್ತು ನಗರದ ಪಕ್ಕದಲ್ಲೂ ಒಂದು ಪೆರಾಫಿತಾ. ಸ್ಪೇನ್‌ನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಪೆದ್ರಾಫಿತಾ. ಸಾರ್ಡಿನಿಯಾದಲ್ಲಿ ನಿಲುಗಲ್ಲುಗಳಿಗೇ 'ಪೆರ್ದಾಸ್ ಫಿತ್ತಾಸ್' ಅನ್ನುತ್ತಾರೆ.

ಸ್ಪೇನ್‌ನ ಆವಿಲಾ ಪ್ರಾಂತದಲ್ಲಿ ಇರೋದು ಪಿಯೇದ್ರಾಹಿತಾ. ಇಲ್ಲಿ ಫಕಾರ ಹಕಾರ ಆಗಿದೆ, ಕ್ಯಾಸ್ಟಿಲ್ ಕಡೆಯ ಹಳೇ ಅಭ್ಯಾಸ ಅದು. ಲ್ಯಾಟಿನ್‌ನ ಹಿಟ್ಟು ಫರೀನ, ಸ್ಪ್ಯಾನಿಶ್‌ನಲ್ಲಿ ಹರೀನಾ ಅಂತ ಬರೆಯೋದೂ ಇದೇ ಕಾರಣಕ್ಕೆ. ಬರೆಯುವಾಗ ಹಕಾರ ಇದೆ, ಹೇಳುವಾಗ ಅದೂ ಇಲ್ಲ. ತುಂಬೆಹೂ ಅವರೇ, ನೀವು ಸ್ಪ್ಯಾನಿಶ್ ಕಲಿಯುತ್ತಿರೋದರಿಂದ ಆ ಊರಿನ ಹೆಸರನ್ನು ಪಿಯೇದ್ರಾಯೀತಾ ಅಂತ ಓದಿ.